ಕರಗದೇ ಉಳಿದ ಮದ್ದು

ಆಪರೇಷನ್ ಥಿಯೇಟರಿನಲ್ಲಿ ವರ್ಷಗಟ್ಟಲೆ ದುಡಿದ ಆ ನರ್ಸಿಗೆ ಇದ್ದವಳು ಒಬ್ಬಳೇ ಅಕ್ಕ, ಬಟ್ಟೆ ಹೊಲಿಯುವವಳು. ಹೆರಿಗೆಯ ಆಪರೇಷನ್ ಆಗಿ ಮನೆಗೆ ಬಂದಾಗ ಅಕ್ಕನ ಬಾಯಲ್ಲಿ ಒಂದೇ ಮಾತು: "ನಂಗೆ ಎಚ್ಚರ ಇತ್ತು ಕಣೇ. ಎಲ್ಲಾ ಕೇಳಿಸ್ತಿತ್ತು. ರೆಪ್ಪೆ ಎತ್ತೋಕೂ ಆಗ್ಲಿಲ್ಲ."

"ಕನಸು ಕಂಡಿರ್ತೀಯ, ಬಿಡಕ್ಕ," ಎಂದಿದ್ದಳು ತಂಗಿ. ಅಷ್ಟಕ್ಕೇ ಸುಮ್ಮನಾಗಲಿಲ್ಲ. ನೆಂಟರ ಮುಂದೆ ಕೈಕಾಲು ಸೆಟೆಸಿ ಮಲಗಿ, ಅಕ್ಕನನ್ನು ಅಣಕಿಸಿ ಎಲ್ಲರನ್ನೂ ನಗಿಸಿದ್ದಳು. ಅಂದಿನಿಂದ ಅಕ್ಕನಿಗೆ 'ನಾಟಕದವಳು' ಎಂಬ ಹೆಸರು ಅಂಟಿಕೊಂಡಿತು. ಆಪರೇಷನ್ ಥಿಯೇಟರಿನಲ್ಲಿ ದುಡಿಯುವ ತಂಗಿಯೇ ನಕ್ಕ ಮೇಲೆ ಇನ್ನಾರು ನಂಬುತ್ತಾರೆ? ಅಕ್ಕ ಆ ವಿಷಯ ಎತ್ತುವುದನ್ನೇ ಬಿಟ್ಟಳು.

ಎಷ್ಟೋ ವರ್ಷಗಳ ಮೇಲೆ, ಅಂದು ಹುಟ್ಟಿದ ಅಕ್ಕನ ಮಗಳು ದೊಡ್ಡವಳಾಗಿದ್ದ ಹೊತ್ತಿಗೆ, ಅಪೆಂಡಿಕ್ಸ್ ಕೆಟ್ಟು ನರ್ಸೇ ಆಪರೇಷನ್ ಮೇಜಿನ ಮೇಲೆ ಮಲಗಬೇಕಾಯಿತು. ಎಚ್ಚರವಾದಾಗ ಕೈ ಎತ್ತಲು ನೋಡಿದಳು, ಬೆರಳೂ ಅಲುಗಲಿಲ್ಲ. ಯಂತ್ರ ಅವಳ ಪರವಾಗಿ ಉಸಿರಾಡುತ್ತಿತ್ತು. "ಆಪರೇಷನ್ ಮುಗೀತಲ್ಲ, ಇವ್ರು ಯಾಕೆ ಏಳ್ತಿಲ್ಲ?" ಎಂದು ಯಾರೋ ಕೇಳಿದ್ದು ಸ್ಪಷ್ಟವಾಗಿ ಕಿವಿಗೆ ಬಿತ್ತು. ಕೂಗೋಣವೆಂದರೆ ಗಂಟಲಲ್ಲಿ ಕೊಳವೆ. ಅರಿವಳಿಕೆಯ ಡಾಕ್ಟರು ಮದ್ದಿನ ಪ್ರಭಾವ ಇನ್ನೂ ಇಳಿದಿಲ್ಲವೆಂದು ಸಂಶಯಪಟ್ಟು ಮತ್ತೆ ನಿದ್ದೆ ಬರಿಸಿದರು. ಸಂಜೆಯ ಹೊತ್ತಿಗೆ ಮೈ ಅವಳ ಮಾತು ಕೇಳತೊಡಗಿತು.

ರಕ್ತದ ವರದಿ ಬಂದ ಮೇಲೆ ಡಾಕ್ಟರ್ ಬಿಡಿಸಿ ಹೇಳಿದರು: "ಕೊಳವೆ ಹಾಕೋಕೆ ಮುಂಚೆ ಸ್ನಾಯು ಸಡಿಲ ಮಾಡೋ ಮದ್ದು ಕೊಡ್ತೀವಲ್ಲ, ಅದೊಂದು ಎಸ್ಟರ್, ಸುಲಭವಾಗಿ ಒಡೆಯೋ ಥರದ ರಾಸಾಯನಿಕ. ಅದನ್ನ ಒಡೆಯೋ ಕಿಣ್ವ ರಕ್ತದಲ್ಲೇ ಇರುತ್ತೆ, ಕೆಲವೇ ನಿಮಿಷದಲ್ಲಿ ಮದ್ದಿನ ಕಥೆ ಮುಗಿಸುತ್ತೆ. ನಿಮ್ಮಲ್ಲಿ ಆ ಕಿಣ್ವ ಸರಿಯಾಗಿ ಕೆಲಸ ಮಾಡಲ್ಲ, ಅದಕ್ಕೇ ನಿದ್ದೆ ಇಳಿದ್ರೂ ಮೈ ಅಲುಗಲಿಲ್ಲ. ಹುಟ್ಟಿನಿಂದಲೇ, ವಂಶದಲ್ಲಿ ಬಂದಿದ್ದು. ಒಡಹುಟ್ಟಿದವರಿಗೆ ಯಾರಿಗಾದ್ರೂ ಹೀಗೆ ಆಗಿತ್ತಾ?"

"ಆಗಿತ್ತು," ಎಂದಳು ತಲೆ ಎತ್ತದೆ.

ಚೇತರಿಸಿಕೊಂಡ ಕೂಡಲೇ ಅಕ್ಕನ ಅಂಗಡಿಗೆ ಹೋದಳು. ಅಕ್ಕ ಹೊಲಿಯುತ್ತಲೇ ಎಲ್ಲ ಕೇಳಿಸಿಕೊಂಡಳು.

"ತಪ್ಪಾಯ್ತಕ್ಕ."

"ನಿಂಗೆ ಆಗ್ದೇ ಹೋಗಿದ್ರೆ ಬರ್ತಿದ್ಯಾ?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ತಂಗಿಗೆ. ಅಕ್ಕ ಮಿಷನ್ ನಿಲ್ಲಿಸಿದಳು.

"ನನ್ನ ಮಗಳಿಗೂ ಇರ್ಬಹುದಾ?"

"ಇರ್ಬಹುದು. ನಿಮ್ಮಿಬ್ಬರಿಗೂ ರಕ್ತ ಪರೀಕ್ಷೆ ಮಾಡಿಸ್ಬೇಕು."

"ಕರ್ಕೊಂಡು ಬರ್ತೀನಿ. ಆದ್ರೆ ಯಾಕೆ ಅಂತ ನೀನೇ ಅವಳಿಗೆ ಹೇಳು. ನಾನು ಹೇಳಿದ್ರೆ ನಗ್ತಾಳೆ."