ಅಲ್ಲಿನ ಬಿಸಿಲಲ್ಲಿ ಒಣಗಿದ ಬಟ್ಟೆ

ಉಮ್ರಾ ಯಾತ್ರೆಗೆ ಹೊರಟವರನ್ನು ಸವಳಂಗ ರಸ್ತೆಯ ನಮ್ಮ ಟ್ರಾವೆಲ್ಸ್ ಆಫೀಸಿನಲ್ಲಿ ಕೂರಿಸಿಕೊಂಡು, ಮೆಕ್ಕಾ ಮದೀನಾದಲ್ಲಿ ಏನು ಕೊಳ್ಳಬೇಕು, ಏನು ಕೊಳ್ಳಬಾರದು ಎಂದು ಹೇಳುವುದು ಹದಿನಾಲ್ಕು ವರ್ಷದಿಂದ ನನ್ನ ಕೆಲಸ. ನಮ್ಮ ಜನ ದುವಾ ಪ್ರಾರ್ಥನೆ ಮರೆತಾರು, ಶಾಪಿಂಗ್ ಮರೆಯಲಾರರು. ಅದಕ್ಕೇ ನನಗೆ ಸಿಟ್ಟು.

"ಮೊದಲನೇ ದಿನ ಏನೂ ತಗೋಬೇಡಿ. ಮೂರು ಅಂಗಡಿ ವಿಚಾರಿಸಿ. ಖರ್ಜೂರ ಮದೀನಾದಲ್ಲೇ ತಗೊಳ್ಳಿ, ಒಂದು ತಿಂದು ನೋಡಿ. ಜಪದ ಮಣಿಸರ, ತಸ್ಬಿ ಗಿಸ್ಬಿ ಎಲ್ಲಾ ಚೀನಾದ್ದು, ನಮ್ಮ ಗಾಂಧಿ ಬಜಾರಲ್ಲೂ ಸಿಗುತ್ತೆ. ಬಟ್ಟೆಯಂತೂ ಮುಟ್ಟಲೇಬೇಡಿ. ಬಟ್ಟೆ ಎಲ್ಲಾ ಕಡೆ ಒಂದೇ."

ಭದ್ರಾವತಿ ನ್ಯೂ ಟೌನಿನ ಸರ್ವರ್ ಬೀ ಮೆಲ್ಲಗೆ ಕೇಳಿದರು. "ಖಲಂದರ್ ಭಾಯಿ, ಕಫನ್?"

ಅವರ ತಾಯಿಗೆ ಎಂಬತ್ತೇಳು ವರ್ಷ, ಹಾಸಿಗೆ ಹಿಡಿದು ಆರು ತಿಂಗಳಾಗಿತ್ತು. ಮಗಳನ್ನು ಅವರು ಕೇಳಿದ್ದು ಒಂದೇ. ತಾನು ಸತ್ತಾಗ ಹೊದಿಸಲು, ಮೆಕ್ಕಾದ ಪವಿತ್ರ ಬಾವಿಯ ಝಮ್‌ಝಮ್ ನೀರಿನಲ್ಲಿ ಅದ್ದಿ ಅಲ್ಲಿನ ಬಿಸಿಲಲ್ಲೇ ಒಣಗಿಸಿದ ಬಟ್ಟೆ.

"ಇಲ್ಲೇ ತಗೊಂಡು ಹೋಗಿ ಆಪಾ, ಅಲ್ಲಿ ಅದ್ದಿದ್ರೆ ಆಯ್ತು. ಅಲ್ಲಿ ಮೂರು ಪಟ್ಟು ರೇಟು," ಎಂದೆ.

ಹಾಗೇ ಮಾಡಿದರು. ಮೆಕ್ಕಾದ ಹೋಟೆಲಿನ ತಾರಸಿಯಲ್ಲಿ ಬಟ್ಟೆ ಹರಡಿ, ಹಾರಿಹೋಗದಂತೆ ಪಕ್ಕದಲ್ಲೇ ಕೂತಿದ್ದನ್ನು, ಗುಂಪಿನ ಜೊತೆ ಹೋಗಿದ್ದ ನಾನೇ ಕಣ್ಣಾರೆ ಕಂಡಿದ್ದೆ.

ವಾಪಸು ಬರುವಾಗ ಜೆದ್ದಾ ವಿಮಾನ ನಿಲ್ದಾಣದಲ್ಲಿ ಅವರ ಬ್ಯಾಗು ಎರಡು ಕಿಲೋ ಹೆಚ್ಚು ತೂಗಿತು. ಅವರು ಮಗ ಹಸ್ನೈನ್ ಜೊತೆ ನಮಾಜಿಗೆ ಹೋಗಿದ್ದರು. ಹಿಂದೆ ಉದ್ದದ ಸಾಲು. ನಾನೇ ಜಿಪ್ ತೆಗೆದೆ. ಮೇಲೇ ಒಂದು ಬಿಳಿ ಬಟ್ಟೆಯ ಗಂಟು. ಹಸ್ನೈನನ ಇಹ್ರಾಂ ಅಂದುಕೊಂಡೆ. ಯಾತ್ರೆಯಲ್ಲಿ ಗಂಡಸರು ಉಡುವ ಇಹ್ರಾಂ ಕೂಡ ಹೊಲಿಗೆಯಿಲ್ಲದ ಬಿಳಿ ಬಟ್ಟೆಯೇ, ಮುಗಿದ ಮೇಲೆ ಎಷ್ಟೋ ಜನ ಅಲ್ಲೇ ಬಿಟ್ಟು ಬರುತ್ತಾರೆ. ಕಸ ಗುಡಿಸುತ್ತಿದ್ದವನ ಕೈಗೆ ಕೊಟ್ಟುಬಿಟ್ಟೆ. ಗಡಿಬಿಡಿಯಲ್ಲಿ ಯಾರಿಗೂ ಹೇಳಲಿಲ್ಲ.

ಊರಿಗೆ ಬಂದ ಮೂರನೇ ದಿನ ಹಸ್ನೈನ್ ಫೋನ್ ಮಾಡಿದ.

"ಭಾಯಿ, ಅಮ್ಮಿ ತಂದಿದ್ದ ಕಫನ್ ಗಂಟು ಕಾಣ್ತಿಲ್ಲ. ನಾನಿ ಊಟ ಬಿಟ್ಟಿದಾರೆ, ಬಟ್ಟೆ ಎಲ್ಲಿ ಅಂತ ಒಂದೇ ಸಮ ಕೇಳ್ತಿದಾರೆ. ಬ್ಯಾಗ್ ಇನ್ನೂ ಬಂದಿಲ್ಲ ಅಂತ ಅಮ್ಮಿ ಸುಳ್ಳು ಹೇಳ್ತಿದಾರೆ."

ನಾನು ಕೊಟ್ಟುಬಿಟ್ಟ ಗಂಟು ಇಹ್ರಾಂ ಆಗಿರಲಿಲ್ಲ. ಬುದ್ಧಿ ಹೇಳುವ ಬಾಯಿಗೆ ಮಣ್ಣು ಬಿತ್ತು.

ರಾಗಿಗುಡ್ಡದ ನಮ್ಮ ಮನೆಯಲ್ಲಿ ವಿಷಯ ಕೇಳಿದ ಹೆಂಡತಿ ಇರಂ, "ಹೊಸ ಬಟ್ಟೆ ತಂದು ನಮ್ಮ ಕ್ಯಾನಿನ ಝಮ್‌ಝಮ್‌ನಲ್ಲಿ ಅದ್ದಿ ಕೊಡಿ. ಯಾರಿಗೆ ಗೊತ್ತಾಗುತ್ತೆ?" ಎಂದಳು.

"ನೀರು ಇಲ್ಲಿಗೆ ಬರುತ್ತೆ. ಬಿಸಿಲು ಬರಲ್ಲ."

ಸಾಯುವ ಜೀವಕ್ಕೆ ಮೋಸ ಮಾಡಿ ಯಾವ ಮುಖ ಹೊತ್ತು ಮತ್ತೆ ಅಲ್ಲಿಗೆ ಹೋಗಲಿ? ಟ್ರಂಕು ತೆರೆದೆ. ಒಂಬತ್ತು ವರ್ಷದ ಹಿಂದೆ ನನಗಾಗಿ ಅಲ್ಲೇ ಅದ್ದಿ, ಒಣಗಿಸಿ ತಂದ ಕಫನ್ ಅದರಲ್ಲಿತ್ತು. ಇರಂ ಕಣ್ಣೊರೆಸಿಕೊಂಡಳು, ಬೇಡ ಅನ್ನಲಿಲ್ಲ.

ನ್ಯೂ ಟೌನಿನ ಮನೆಯಲ್ಲಿ ಮುದುಕಿಯ ಮಂಚದ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಸರ್ವರ್ ಬೀ ಗೋಡೆಗೆ ಒರಗಿ ನಿಂತರು. ಬೈದಿದ್ದರೆ ಹಗುರಾಗುತ್ತಿತ್ತು. ಅವರು ನಾನು ತಂದ ಗಂಟು ಬಿಚ್ಚಿ ಎಣಿಸಿದರು. ಗಂಡಸರ ಕಫನ್‌ಗೆ ಮೂರು ತುಂಡು, ಹೆಂಗಸರಿಗೆ ಐದು. ಮೆಕ್ಕಾದಲ್ಲಿ ದಿನವೂ ಹೊದ್ದಿದ್ದ ತಮ್ಮ ಬಿಳಿ ಓಢಣಿ ತಂದು ಕತ್ತರಿಯಿಂದ ಎರಡು ತುಂಡು ಮಾಡಿ ಅದರ ಮೇಲಿಟ್ಟರು.

ಮುದುಕಿ ಬಟ್ಟೆಯನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು.

"ನಿನಗೆ, ಬೇಟಾ?"

"ನನಗೆ ಗಾಂಧಿ ಬಜಾರಿಂದು ಸಾಕು ಅಮ್ಮಾ. ಬಟ್ಟೆ ಎಲ್ಲಾ ಕಡೆ ಒಂದೇ."

"ಒಂದೇ ಆಗಿದ್ರೆ ಒಂಬತ್ತು ವರ್ಷ ಯಾಕೆ ಜೋಪಾನ ಮಾಡಿದ್ದೆ?"

ಐವತ್ತೆಂಟರ ಗಂಡಸು ನಾನು, ಮಂಚದ ಕಾಲು ಹಿಡಿದು ಅತ್ತೆ. ಅವರು ಒಣಗಿದ ಕೈಯನ್ನು ನನ್ನ ತಲೆಯ ಮೇಲಿಟ್ಟರು.

"ಅಳಬೇಡ. ಅಲ್ಲಿ ಮೇಲೆ ಕೇಳಿದ್ರೆ, ಇದು ಖಲಂದರ್‌ದು ಅಂತ ಹೇಳ್ತೀನಿ."