ಮೊದಲ ಇನಿಂಗ್ಸ್ ಶಿಕಾರಿಪುರದ್ದು

ಒಂದು ಕಾಲದಲ್ಲಿ ಟಿವಿ ಹಾಕಿದರೆ ಮ್ಯಾಚ್ ಬರುತ್ತಿತ್ತು. ಈಗ ತೋರಿಸುವ ಹಕ್ಕನ್ನೆಲ್ಲ ಒಂದೇ ಆ್ಯಪ್‌ನವರು ಕೊಂಡುಕೊಂಡು ಕೂತಿದ್ದಾರೆ, ಅವರ ಮನೆ ಹಾಳಾಗ. ಶಿಕಾರಿಪುರದ ನಮ್ಮ ಭಾವ ಗುರುಪ್ರಕಾಶ್ ವರ್ಷದ ಚಂದಾ ಕಟ್ಟಿ, ಸೊರಬದಲ್ಲಿರುವ ನನಗೂ ಪಾಸ್‌ವರ್ಡ್ ಕೊಟ್ಟಿದ್ದರು. ಅಕ್ಕನ ಹೆಸರೇ ಪಾಸ್‌ವರ್ಡು. ಆದರೆ ಒಂದು ಹೊತ್ತಿಗೆ ಒಬ್ಬರೇ ನೋಡಬಹುದು. ಹಾಗಾಗಿ ಮ್ಯಾಚನ್ನೇ ಪಾಲು ಮಾಡಿಕೊಂಡೆವು. ಮೊದಲ ಇನಿಂಗ್ಸ್ ಅವರದು, ಎರಡನೆಯದು ನನ್ನದು. ನಡುವಿನ ಬಿಡುವಿನಲ್ಲಿ ನಾನು ಫೋನ್ ಮಾಡುತ್ತಿದ್ದೆ. "ಬಿಟ್ಟೆ ನೋಡಪ್ಪ, ಇನ್ನು ನಿನ್ನ ದರ್ಬಾರು" ಎನ್ನುತ್ತಿದ್ದರು. ಅಷ್ಟರಲ್ಲಿ ಅಕ್ಕ ಗಂಗಾಶ್ರೀ ಫೋನ್ ಕಸಿದುಕೊಂಡು, "ಊಟ ಆಯ್ತೇನೋ ಮಲ್ಲೀ?" ಅಂತ ಒಂದೆರಡು ಮಾತಾಡುವಳು.

ಬೇಸಿಗೆಯಲ್ಲಿ ಎದೆನೋವು ಅಂತ ಕೂತ ಭಾವ ಮತ್ತೆ ಏಳಲಿಲ್ಲ. ನಮ್ಮಲ್ಲಿ ಕೂರಿಸಿ ಹೂಳುವುದು. ವಿಭೂತಿ, ಪತ್ರೆಯ ಜೊತೆ ಅವರು ಮ್ಯಾಚ್ ನೋಡುತ್ತಿದ್ದ ಫೋನನ್ನೂ ನಾನೇ ಅವರ ತೊಡೆಯ ಮೇಲಿಟ್ಟೆ. ಯಾರೂ ಬೇಡ ಅನ್ನಲಿಲ್ಲ.

ಮಳೆಗಾಲ ಕಳೆದು ಏಕದಿನ ಸರಣಿ ಶುರುವಾಯಿತು. ಇನ್ನು ಇಡೀ ಮ್ಯಾಚ್ ನನ್ನದೇ ಅಂದುಕೊಂಡು, ಅದಕ್ಕೇ ಸಂಕಟಪಡುತ್ತ ಆ್ಯಪ್ ತೆರೆದೆ. 'ಈ ಖಾತೆಯಲ್ಲಿ ಬೇರೆಯವರು ನೋಡುತ್ತಿದ್ದಾರೆ' ಎಂದು ಬಂತು. ಮೊದಲ ಇನಿಂಗ್ಸ್ ಮುಗಿದದ್ದೇ ತಡ, ಅಡ್ಡಿಯಿಲ್ಲದೆ ತೆರೆದುಕೊಂಡಿತು. ಮುಂದಿನ ಮ್ಯಾಚಿಗೂ ಅದೇ ಕಥೆ.

ಅಕ್ಕ ಇರಬಹುದೇ? ಕ್ರಿಕೆಟ್ ಎಂದರೆ ಮೂಗು ಮುರಿಯುವವಳು ಅವಳು. ಕೇಳೋಣವೆಂದರೆ, "ಇಲ್ಲಿ ಯಾರೂ ನೋಡ್ತಿಲ್ವಲ್ಲ" ಅಂದುಬಿಟ್ಟರೆ? ಮಣ್ಣಿನೊಳಗೆ, ಫೋನಿನ ನೀಲಿ ಬೆಳಕಿನಲ್ಲಿ ಭಾವನ ಮುಖ ಕಾಣತೊಡಗಿತು. ಹಾಡಹಗಲು ನನ್ನ ಅಂಗಡಿಯಲ್ಲಿ ಗಿರಾಕಿಗಳ ನಡುವೆ ಕೂತರೂ ಅದೇ. ನನಗೆ ಬಂದ ಪಾಲನ್ನೂ ನೋಡಲಾಗಲಿಲ್ಲ.

ಮೂರನೇ ಮ್ಯಾಚಿನ ಮಧ್ಯಾಹ್ನ ತಡೆಯಲಾಗದೆ ಶಿಕಾರಿಪುರದ ಬಸ್ಸು ಹತ್ತಿದೆ.

ಅಕ್ಕನ ಮನೆ ಬಾಗಿಲು ತೆರೆದೇ ಇತ್ತು. ಒಳಗಿನಿಂದ ಕಾಮೆಂಟರಿ ಕೇಳಿಸಿತು. ಹೊಸ್ತಿಲು ದಾಟಿದೆ. ಭಾವನ ಕುರ್ಚಿಯ ಮೇಲೆ ಅಕ್ಕನ ಫೋನು ಒರಗಿ ನಿಂತಿತ್ತು, ಅದರಲ್ಲಿ ಮ್ಯಾಚು ಓಡುತ್ತಿತ್ತು. ಅಕ್ಕ ಅದಕ್ಕೆ ಬೆನ್ನು ಹಾಕಿ ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ನೀನೇನೇ ಅಕ್ಕ? ಭಾವನೇ ಅಂದ್ಕೊಂಡು ಹೆದರಿ ಸತ್ತೆನಲ್ಲೇ! ನೋಡದೇ ಇದ್ದ ಮೇಲೆ ಯಾಕೆ ಹಾಕ್ತೀಯ?"

ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ.

"ನಿನ್ನ ಪಾಲಿಗೇನು ಅಡ್ಡ ಬಂದಿಲ್ಲಪ್ಪ, ಮೊದಲ್ನೇದು ಮುಗೀತಿದ್ದಂಗೆ ಬಂದ್ ಮಾಡ್ತೀನಿ. ಅವ್ರು ಹೋದಮ್ಯಾಲೆ ಈ ಮನೀಗೆ ನಿಂದೊಂದು ಫೋನ್ ಇಲ್ಲ. ಯಾರದು ನೋಡ್ತಿರೋದು ಅಂತ ಬೈಯಾಕಾದ್ರೂ ಫೋನ್ ಮಾಡ್ತೀಯೇನೋ ಅಂತ ಹಚ್ಚಿಟ್ಟೆ."