ಆರು ವಾರಕ್ಕೊಮ್ಮೆ ಬರುವ ನಮೂದು

ಪ್ರತಿದಿನ ಬೆಳಿಗ್ಗೆ ಏಳಕ್ಕೆ ಇಕುಕೊ ಕಂಪ್ಯೂಟರ್ ತೆರೆಯುತ್ತಿದ್ದಳು, ಚಿಗುಸಾ ಅಪ್ಪಣೆ ಕೊಡುತ್ತಿದ್ದಳು. ಚಿಗುಸಾ ಸತ್ತು ಐದು ವರ್ಷವಾಗಿತ್ತು. ಸತ್ತವರಿಗೆ ಅಷ್ಟೊಂದು ಚುರುಕು ಇರಬಾರದು.

ಚಿಗುಸಾ ಅಂದರೆ ತೆತ್ಸುರೋನ ಮೊದಲ ಹೆಂಡತಿ. ಇಕುಕೊ ಎರಡನೆಯವಳು, ಈ ಮನೆಗೆ ಬಂದು ಒಂದೂವರೆ ವರ್ಷ. ಮನೆಯ ಲೆಕ್ಕ ಇಡಲು ಚಿಗುಸಾ ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಂ ಹಾಕಿಸಿಕೊಂಡಿದ್ದಳು. ಮತ್ತೆ ಮತ್ತೆ ಬರುವ ಖರ್ಚುಗಳನ್ನೆಲ್ಲ ತಾರೀಖು, ಮೊತ್ತದ ಸಮೇತ ಒಮ್ಮೆ ಬರೆದಿಟ್ಟರೆ ಸಾಕು, ಆಯಾ ದಿನ ಅದೇ ಎದ್ದು ಬಂದು ಪರದೆಯ ಮೇಲೆ ಕೂರುತ್ತಿತ್ತು. ಮೇಲೆ ‘ಇಂದಿನ ಬಾಕಿ’ ಎಂಬ ತಲೆಬರಹ, ನಡುವೆ ಬಾಬತ್ತು, ಮೊತ್ತ, ಒಂದು ಸಾಲಿನ ಟಿಪ್ಪಣಿ. ಕೆಳಗೆ ಎರಡು ಗುಂಡಿ: ‘ದಾಖಲಿಸು’, ‘ಈ ಸಲ ಬಿಡು’.

ಆ ಟಿಪ್ಪಣಿಗಳನ್ನು ಚಿಗುಸಾ ತನ್ನ ನೆನಪಿಗೆ ಬರೆದುಕೊಂಡಿದ್ದಳು. ಆದರೆ ಓದುವವಳು ಇಕುಕೊ. ಹಾಗಾಗಿ ಒಂದೊಂದೂ ತನ್ನ ಮುಖಕ್ಕೆ ಹೇಳಿದ ಹಾಗೆ ಕೇಳಿಸುತ್ತಿತ್ತು. ಇಪ್ಪತ್ತೈದನೇ ತಾರೀಖು: ‘ಗಂಡನ ಕೈಖರ್ಚು, ಇಪ್ಪತ್ತೈದು ಸಾವಿರ ಯೆನ್. ಇನ್ನೂ ಕೇಳಿದರೆ ಮುಖ ನೋಡಬೇಡ, ಕರಗಿಹೋಗುತ್ತೀಯ.’ ಇದನ್ನು ಓದಿದ ದಿನ ಇಕುಕೊ ನೋಟುಗಳನ್ನು ಗಂಡನ ಕೈಗೆ ಕೊಡದೆ ಮೇಜಿನ ಮೇಲೆ ಕುಕ್ಕಿ ಹೋಗಿದ್ದಳು. ತೆತ್ಸುರೋ ಎಂದೂ ಅವಳನ್ನು ಹೆಚ್ಚಿಗೆ ಕೇಳಿದವನಲ್ಲ. ಆ ಮುಖ ಹೇಗಿರುತ್ತದೋ ಅವಳಿಗೆ ಗೊತ್ತೇ ಇರಲಿಲ್ಲ. ಕರಗುವ ಭಾಗ್ಯವೆಲ್ಲ ಚಿಗುಸಾಳಿಗೇ ಮುಗಿದುಹೋಗಿತ್ತು.

ಇಕುಕೊ ಲೆಕ್ಕ ಬರದವಳಲ್ಲ. ಮೀನಿನ ಕಡುಬು ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಲೆಕ್ಕಪತ್ರ ನೋಡಿದವಳು. ಮದುವೆಯಾದ ವಾರದಲ್ಲೇ ಕೇಳಿದ್ದಳು.

“ಹೊಸದಾಗಿ ಒಂದು ಪುಸ್ತಕ ತೆಗೀಲಾ? ನನ್ನದೇ ಕ್ರಮದಲ್ಲಿ?”

“ನಡೀತಾ ಇದೆಯಲ್ಲ. ಯಾಕೆ ಸುಮ್ನೆ ಕೆದಕೋದು?” ಅಂದಿದ್ದ ತೆತ್ಸುರೋ. “ಇನ್ಮೇಲೆ ಅದು ನಿಂದು. ನಾನು ಆ ಕಡೆ ತಲೆ ಹಾಕಲ್ಲ.”

ನಿಂದು ಅಂದರೆ ಏನು ಬಂತು? ಅರವತ್ನಾಲ್ಕು ಬಾಬತ್ತುಗಳು ಸರದಿಯಲ್ಲಿ ನಿಂತಿದ್ದವು, ಅರವತ್ನಾಲ್ಕೂ ಚಿಗುಸಾಳವು. ಆ ಪಟ್ಟಿಯನ್ನು ಇಕುಕೊ ಪೂರ್ತಿ ಓದಿರಲೇ ಇಲ್ಲ. ಓದುತ್ತ ಹೋದರೆ ಹೊಟ್ಟೆ ಉರಿಯುತ್ತಿತ್ತು. ಬಂದದ್ದನ್ನು ಬಂದ ದಿನ ನೋಡಿದರಾಯಿತು ಎಂದು ಬಿಟ್ಟಿದ್ದಳು.

ಬೇಸಿಗೆಯ ನಡುವೆ ಹಾವುಮೀನು ತಿನ್ನುವ ದಿನ ಬಂತು. ಪರದೆ ಹೇಳಿತು: ‘ಹಾವುಮೀನು, ಎರಡು ಡಬ್ಬಿ. ಅವನದಕ್ಕೆ ಸಾನ್ಶೋ ಪುಡಿ ಬೇಡ. ನಾಲಿಗೆ ಊದುತ್ತದೆ. ಬಾಯಿಬಿಟ್ಟು ಹೇಳುವುದಿಲ್ಲ.’

ಇಕುಕೊ ಕುರ್ಚಿಯಲ್ಲೇ ಕೂತುಬಿಟ್ಟಳು. ಹಿಂದಿನ ವರ್ಷ ಅದೇ ದಿನ, ಕಂಪ್ಯೂಟರ್ ತೆರೆಯದೆಯೇ ಪೇಟೆಗೆ ಹೋಗಿ ಒಳ್ಳೆಯ ಮೀನು ತಂದು, ನಾಲಿಗೆ ಜುಮ್ಮೆನ್ನಿಸುವ ಆ ಪುಡಿಯನ್ನು ಪ್ರೀತಿಯಿಂದ ಎರಡು ಪಟ್ಟು ಉದುರಿಸಿ ಬಡಿಸಿದ್ದಳು. ತೆತ್ಸುರೋ ಒಂದಗುಳೂ ಬಿಡದೆ ತಿಂದು, ನಾಲ್ಕು ಲೋಟ ನೀರು ಕುಡಿದು, “ಬಹಳ ರುಚಿಯಾಗಿತ್ತು” ಅಂದಿದ್ದ. ತನ್ನ ಗಂಡನ ನಾಲಿಗೆಯ ಸಂಗತಿಯನ್ನು ತನಗೆ ಹೇಳಲು ಸತ್ತವಳು ಬರಬೇಕಾಯಿತಲ್ಲ ಎಂದು ಅವಳಿಗೆ ಮೈಯೆಲ್ಲ ಪರಚಿಕೊಳ್ಳುವ ಹಾಗಾಯಿತು. ಈ ವರ್ಷ ಮನೆಯಲ್ಲಿ ಹಾವುಮೀನು ಆಗಲಿಲ್ಲ. ‘ಈ ಸಲ ಬಿಡು’ ಒತ್ತಿ, ತೋಫು ಹೆಚ್ಚಿ ಇಟ್ಟಳು.

ಉರಿಯುವ ಒಲೆಗೆ ಊದಲು ಅತ್ತಿಗೆ ಮಸಾಎ ಇದ್ದೇ ಇದ್ದಳಲ್ಲ. ತೆತ್ಸುರೋನ ಅಕ್ಕ, ಎರಡು ಬೀದಿ ಆಚೆಗೆ ಮನೆ. ಸುಟ್ಟ ಗೆಣಸು ಹಿಡಿದುಕೊಂಡು ಬಂದವಳು, ಕಂಪ್ಯೂಟರ್ ಕಂಡದ್ದೇ ಶುರು ಮಾಡಿದಳು.

“ಚಿಗುಸಾ ಇದ್ದಾಗ ಈ ಮನೇಲಿ ಒಂದು ಯೆನ್ ಆ ಕಡೆ ಈ ಕಡೆ ಆಗ್ತಿರ್ಲಿಲ್ಲಮ್ಮ.”

“ಈಗಲೂ ಆಗಲ್ಲ ಅಕ್ಕ. ಅವರೇ ತಾನೆ ಇನ್ನೂ ಮನೆ ನಡೆಸ್ತಿರೋದು.”

ಕೊಂಕು ಮಸಾಎಗೆ ತಾಗಲಿಲ್ಲ. ಗೆಣಸಿನ ಸಿಪ್ಪೆ ಸುಲಿಯುತ್ತ ಹೇಳಿದಳು: “ಅವಳಿದ್ದಾಗ ನಮ್ಮ ತೆತ್ಸುರೋ ಹತ್ತು ವರ್ಷ ಚಿಕ್ಕೋನ ಥರ ಕಾಣ್ತಿದ್ದ. ಈಗ ನೋಡು, ನನಗಿಂತ ಮುದುಕ ಆಗ್ಬಿಟ್ಟಿದಾನೆ. ಇಕುಕೊ, ಹೊಟ್ಟೆಗೆ ಸರಿಯಾಗಿ ಹಾಕ್ತೀಯ ತಾನೆ?”

“ಹಾಕ್ತೀನಿ, ಹಾಕ್ತೀನಿ. ಪಟ್ಟಿ ನೋಡ್ಕೊಂಡೇ ಹಾಕ್ತೀನಿ,” ಎಂದು ಇಕುಕೊ ನಕ್ಕಳು. ಮಸಾಎ ಹೋದ ಮೇಲೆ ಉಳಿದ ಗೆಣಸನ್ನು ತಿನ್ನದೆ ಕಸಕ್ಕೆ ಹಾಕಿದಳು.

ಶರತ್ಕಾಲದ ಒಂದು ಭಾನುವಾರ ಅವಳಿಗೆ ಐದಕ್ಕೇ ಎಚ್ಚರವಾಯಿತು. ಪಕ್ಕದ ಹಾಸಿಗೆ ಖಾಲಿ. ಒಳಕೋಣೆಯ ಬಾಗಿಲ ಸಂದಿನಿಂದ ನೀಲಿ ಬೆಳಕು ಬರುತ್ತಿತ್ತು. ಇಣುಕಿದರೆ, ತೆತ್ಸುರೋ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದ. ಆ ಕಡೆ ತಲೆ ಹಾಕುವುದಿಲ್ಲ ಎಂದವನು! ಒಂದು ಗುಂಡಿ ಒತ್ತಿದ, ತನ್ನಷ್ಟಕ್ಕೆ ಮುಗುಳ್ನಕ್ಕ. ಆಮೇಲೆ ಎಲ್ಲ ಆರಿಸಿ ನಡೆದಾಡಲು ಹೊರಟುಹೋದ.

ಆ ಮುಗುಳ್ನಗೆ ಇಕುಕೊಳ ಎದೆಗೆ ಚುಚ್ಚಿತು. ತನಗಾಗಿ ಅವನು ಹಾಗೆ ನಕ್ಕದ್ದನ್ನು ಅವಳು ಕಂಡಿರಲಿಲ್ಲ. ಓಡಿಹೋಗಿ ತೆರೆದಳು. ಸರದಿ ಪಟ್ಟಿಯಲ್ಲಿ, ಅವಳು ಎಂದೂ ಇಳಿದು ನೋಡದ ಕೆಳತುದಿಯಲ್ಲಿ, ಸಿಕ್ಕಿತು: ‘ಕೂದಲ ಬಣ್ಣ, ಕಪ್ಪು. 980 ಯೆನ್. ಆರು ವಾರಕ್ಕೊಮ್ಮೆ, ಭಾನುವಾರ. ಕೊನೆಯ ದಿನ: ಇಲ್ಲ.’ ಅದರಡಿಯಲ್ಲಿ ಹಿಂದಿನ ಸರದಿಗಳು. ಬಿಟ್ಟದ್ದು, ಬಿಟ್ಟದ್ದು, ಬಿಟ್ಟದ್ದು. ನಲವತ್ತಮೂರು ಸಲ.

ಹೆಂಡತಿಯ ಕೂದಲ ಬಣ್ಣ. ಅವಳು ಬೂದಿಯಾಗಿ ಐದು ವರ್ಷ ಕಳೆದರೂ ಅದನ್ನು ಅಳಿಸಿಲ್ಲ ಮಹಾರಾಯ. ಅಳಿಸಿದರೆ ಮತ್ತೆ ಬರುವುದಿಲ್ಲವಲ್ಲ! ‘ಈ ಸಲ ಬಿಡು’ ಅಂದರೆ ಆರು ವಾರಕ್ಕೆ ಮತ್ತೆ ಬರುತ್ತಾಳೆ. ಕಳ್ಳನ ಹಾಗೆ ಐದಕ್ಕೆ ಎದ್ದು, ಎರಡನೇ ಹೆಂಡತಿಗೆ ನಿದ್ದೆ ಬಂದಿರುವಾಗ, ಮೊದಲನೆಯವಳನ್ನು ನೋಡಿ ನಕ್ಕು ಹೋಗುತ್ತಾನೆ.

ಆ ಸಾಲುಗಳ ನಡುವೆ ಒಂದು ತಾರೀಖು ಕಣ್ಣಿಗೆ ಬಿತ್ತು. ಎರಡು ವರ್ಷದ ಹಿಂದಿನ ಅಕ್ಟೋಬರ್ ಒಂಬತ್ತು. ಸ್ಟೇಷನ್ ಪಕ್ಕದ ಹೋಟೆಲಿನಲ್ಲಿ ಸಂಬಂಧ ಕುದುರಿಸುವವರು ಇಬ್ಬರನ್ನೂ ಕೂರಿಸಿ, ಹೆಣ್ಣು ಗಂಡಿನ ಮುಖ ತೋರಿಸಿದ ದಿನ ಅದು. ಬಿಳಿ ತಲೆಯ, ಮಾತು ಕಡಿಮೆಯ ಆ ಮನುಷ್ಯ ಚಹಾದ ಬಟ್ಟಲನ್ನು ಮೂರು ಸಲ ಸುಮ್ಮನೆ ತಿರುಗಿಸಿದ್ದನ್ನು ನೋಡಿ ಇಕುಕೊ ಆಗಲೇ ಒಪ್ಪಿಬಿಟ್ಟಿದ್ದಳು. ಅವತ್ತು ಬೆಳಿಗ್ಗೆಯೂ ಇವನು ಚಿಗುಸಾಳನ್ನು ಮಾತಾಡಿಸಿಯೇ ಹೊರಟು ಬಂದಿದ್ದಾನೆ.

ಅವಳು ‘ಅಳಿಸು’ ಹುಡುಕಿದಳು. ‘ಮುಂದಿನ ಎಲ್ಲ ಸರದಿಗಳೂ ಹೋಗುತ್ತವೆ. ಖಚಿತವೇ?’ ಎಂದು ಯಂತ್ರ ಕೇಳಿತು. ಖಚಿತವೇ ಅಂತೆ! ಎಷ್ಟು ಜೋರಾಗಿ ಒತ್ತಿದಳೆಂದರೆ ಉಗುರು ನೋವಾಯಿತು. ಆಮೇಲೆ ಎಂದಿನಂತೆ ಪೂಜಾಪೆಟ್ಟಿಗೆಯಲ್ಲಿದ್ದ ಚಿಗುಸಾಳ ಫೋಟೋದ ಮುಂದೆ ಅನ್ನ, ಚಹಾ ಇಟ್ಟಳು. ಫೋಟೋದ ಮುಖವನ್ನು ಅವಳು ಎಂದೂ ನೆಟ್ಟಗೆ ನೋಡುತ್ತಿರಲಿಲ್ಲ. ಅವತ್ತಂತೂ ಬೆನ್ನು ಹಾಕಿಯೇ ಇಟ್ಟಳು.

ಆರು ವಾರ ಅವಳು ಒಳಗೊಳಗೇ ಕಾದಳು. ಆ ಭಾನುವಾರ ಬಂತು. ಐದಕ್ಕೆ ತೆತ್ಸುರೋ ಎದ್ದ. ಇಕುಕೊ ಕಣ್ಣು ಮುಚ್ಚಿ ಲೆಕ್ಕ ಹಾಕುತ್ತಿದ್ದಳು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ನೀಲಿ ಬೆಳಕು ಆರಲಿಲ್ಲ. ಅರ್ಧ ಗಂಟೆಯಾದ ಮೇಲೆ ತಾನೇ ಎದ್ದು ಹೋದಳು.

“ಇಕುಕೊ, ಇವತ್ತು ಇದರಲ್ಲಿ ಏನೋ ಬರಬೇಕಿತ್ತು,” ಅಂದ ಅವನು, ಪರದೆಯನ್ನೇ ನೋಡುತ್ತ. “ಬರ್ಲಿಲ್ಲ. ಕೆಟ್ಟಿದೆಯೋ ಏನೋ.”

“ಕೆಟ್ಟಿಲ್ಲ. ನಾನು ಅಳಿಸಿದೀನಿ.”

“ಅಳಿಸಬಹುದಾ ಅದನ್ನ?”

ಆ ಪ್ರಶ್ನೆ ಕೇಳಿ ಅವಳ ಸಿಟ್ಟು ನೆತ್ತಿಗೇರಿತು. “ಅಳಿಸಬಾರದಿತ್ತಾ? ನಿಮ್ಮ ಹೆಂಡತಿ ಕೂದಲ ಬಣ್ಣಾನ ನಾನು ಎಷ್ಟು ವರ್ಷ ಕಾಪಾಡ್ಬೇಕ್ರೀ? ಈ ಮನೇಲಿ ಉಪ್ಪು ಅವರದು, ಗ್ಯಾಸು ಅವರದು, ನಿಮ್ಮ ನಾಲಿಗೆ ಕೂಡ ಅವರದು. ನನ್ನನ್ನ ನೋಡೋಕೆ ಬಂದ ದಿನ ಬೆಳಿಗ್ಗೆನೂ ಅವರನ್ನ ನೋಡ್ಕೊಂಡೇ ಬಂದಿದೀರಿ. ನನಗೆ ಹೊಟ್ಟೆಕಿಚ್ಚು. ಹೌದು, ಸತ್ತವರ ಮೇಲೆ ಹೊಟ್ಟೆಕಿಚ್ಚು. ನಗೋದಾದ್ರೆ ನಗಿ!”

ತೆತ್ಸುರೋ ನಗಲಿಲ್ಲ. ಕನ್ನಡಕ ತೆಗೆದು ಮಡಿಚಿದ.

“ಅವಳು ಬಣ್ಣ ಹಚ್ಚಿಕೊಂಡವಳೇ ಅಲ್ಲ. ಫೋಟೋ ನೋಡಿಲ್ವಾ ನೀನು?”

ಇಕುಕೊ ತಿರುಗಿದಳು. ಒಂದೂವರೆ ವರ್ಷ ದಿನಾ ಅನ್ನ ಇಟ್ಟ ಫೋಟೋವನ್ನು ಮೊದಲ ಸಲ ನೆಟ್ಟಗೆ ನೋಡಿದಳು. ದುಂಡು ಮುಖ, ಹುಬ್ಬಿನ ಪಕ್ಕ ಒಂದು ಮಚ್ಚೆ, ತಲೆಯ ತುಂಬ ನರೆ.

“ಅದು ನನಗೆ,” ಅಂದ ತೆತ್ಸುರೋ. “ರೈಲ್ವೆ ಸ್ಟೇಷನ್ನಲ್ಲಿ ಕೆಲಸದ ಟೋಪಿ ಹಾಕ್ಕೊಂಡು ನಿಲ್ಲೋನು ಮುದುಕನ ಥರ ಕಾಣಬಾರದು ಅಂತ ಅವಳ ಹಟ. ಆರು ವಾರಕ್ಕೊಂದು ಭಾನುವಾರ, ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಬಚ್ಚಲಲ್ಲಿ ಕೂರಿಸ್ತಿದ್ಲು. ತಲೆಯೆಲ್ಲ ತುರಿಕೆ, ನಾತ. ಇಪ್ಪತ್ತು ವರ್ಷ.”

“ಬೇಡ ಅನ್ನಬಹುದಿತ್ತಲ್ಲ?”

“ನಾನು ಹೇಳ್ತೀನಾ?”

ಅದೂ ನಿಜವೇ. ನಾಲ್ಕು ಲೋಟ ನೀರು ಅವಳ ನೆನಪಿಗೆ ಬಂತು.

“ಆಸ್ಪತ್ರೇಲಿ ಮಲಗಿದ್ದಾಗ ನನಗೆ ಈ ಎರಡು ಗುಂಡಿ ಹೇಳಿಕೊಟ್ಲು. ಅವಳು ಹೋದ ಮೇಲೆ ಮೊದಲ ಭಾನುವಾರ ಇದು ಬಂತು. ‘ಈ ಸಲ ಬಿಡು’ ಒತ್ತಿದೆ. ಯಾರೂ ಬೈಲಿಲ್ಲ. ಸ್ಕೂಲಿಗೆ ಚಕ್ಕರ್ ಹಾಕಿದ ಹಾಗಾಯ್ತು ನೋಡು. ಆವತ್ತಿಂದ ಅದೊಂದು ಚಟ.” ಅವನು ತಲೆ ಸವರಿಕೊಂಡ. “ನಿನ್ನ ನೋಡೋಕೆ ಹೊರಟ ದಿನ ಅಕ್ಕ ಬಣ್ಣದ ಡಬ್ಬಿ ತಂದು ಕೊಟ್ಟಿದ್ಲು. ಈ ಪರದೆ ಮೇಲೂ ಅದೇ ಬಂದು ಕೂತಿತ್ತು. ಬಹಳ ಹೊತ್ತು ಯೋಚನೆ ಮಾಡ್ದೆ. ನೋಡುವವಳು ಇರೋದನ್ನೇ ನೋಡ್ಲಿ ಅಂತ ಬಿಟ್ಟೆ. ಈ ಬಿಳಿ ತಲೆ ಚಿಗುಸಾಗೆ ಗೊತ್ತೇ ಇಲ್ಲ, ಇಕುಕೊ. ಗೊತ್ತಿರೋದು ನಿನಗೆ.”

ಇಕುಕೊ ಮೂಗು ಒರೆಸಿಕೊಂಡು, ಸಿಟ್ಟು ಇನ್ನೂ ಇಳಿದಿಲ್ಲವೆಂಬ ದನಿಯಲ್ಲೇ ಕೇಳಿದಳು: “ಸಾನ್ಶೋ ಪುಡಿ ಆಗಲ್ಲ ಅಂತ ನನಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನೂ ಬರೆದಿಟ್ಟುಬಿಡ್ತೀಯ.”

ಅವಳಿಗೆ ನಗು ಬಂತು. ಬೇಡ ಬೇಡವೆಂದರೂ ಬಂತು. ಅಡುಗೆಮನೆಗೆ ಹೋಗಿ ಸಾರು ಒಲೆಗಿಟ್ಟಳು. ಅಲ್ಲಿಂದ ನೋಡಿದರೆ ಅವನು ಇನ್ನೂ ಆ ಖಾಲಿ ಪರದೆಯ ಮುಂದೆಯೇ ಕೂತಿದ್ದ, ಕೈಗೆ ಕೆಲಸವಿಲ್ಲದವನ ಹಾಗೆ. ಅವನ ಚಟವನ್ನೇ ತಾನು ಅಳಿಸಿಹಾಕಿದ್ದು ಅವಳಿಗೆ ಆಗ ಹೊಳೆಯಿತು.

“ಸರೀರಿ ಆ ಕಡೆ,” ಎಂದು ಬಂದು ಕುರ್ಚಿಯ ಅರ್ಧ ಕಿತ್ತುಕೊಂಡಳು. ಹೊಸ ಬಾಬತ್ತು ತೆರೆದಳು. ಕೂದಲ ಬಣ್ಣ, ಕಪ್ಪು. ಬೆಲೆ ಈಗ ಸಾವಿರದ ಇನ್ನೂರಾಗಿತ್ತು, ಅದನ್ನು ಸರಿಮಾಡಿದಳು. ಆರು ವಾರಕ್ಕೊಮ್ಮೆ, ಭಾನುವಾರ, ಇವತ್ತಿನಿಂದ. ಟಿಪ್ಪಣಿಯ ಜಾಗದಲ್ಲಿ ಬೆರಳು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಬರೆದಳು: ‘ಈ ಸಲವಾದರೂ ಹಚ್ಚಿಕೊಳ್ಳಿ. ಮುದುಕನ ಜೊತೆ ಪೇಟೆಗೆ ಹೋಗಲು ನಾಚಿಕೆಯಾಗುತ್ತದೆ. ಇಕುಕೊ.’

ಅಪ್ಪಣೆ ಎದ್ದು ಬಂದು ಪರದೆಯ ನಡುವೆ ಕೂತಿತು. ತೆತ್ಸುರೋ ಕನ್ನಡಕ ಏರಿಸಿಕೊಂಡು ಅಕ್ಷರ ಅಕ್ಷರವಾಗಿ ಓದಿದ. ಅವಳನ್ನು ಒಮ್ಮೆ, ಪರದೆಯನ್ನು ಒಮ್ಮೆ ನೋಡಿದ. ನಂತರ ಬೆರಳು ಎತ್ತಿ, ಬೇಕೆಂದೇ ನಿಧಾನವಾಗಿ, ‘ಈ ಸಲ ಬಿಡು’ ಒತ್ತಿದ.

“ನಿನ್ನ ಮಾತೂ ಕೇಳಲ್ಲ ನಾನು,” ಅಂದ. ಆ ಮುಗುಳ್ನಗೆ ಬಂದೇಬಿಟ್ಟಿತು.

“ಕೇಳದಿದ್ರೆ ಅಷ್ಟೇ ಹೋಯ್ತು,” ಅಂದಳು ಇಕುಕೊ. ಒಲೆಯ ಮೇಲೆ ಸಾರು ಉಕ್ಕುತ್ತಿತ್ತು. ಅವಳು ಏಳಲಿಲ್ಲ, ಆ ಅರ್ಧ ಕುರ್ಚಿಯಲ್ಲೇ ಕೂತಿದ್ದಳು. ಈ ಮನೆಯಲ್ಲಿ ಮೊದಲ ಸಲ ಅವಳ ಮಾತನ್ನು ಗಂಡ ಮೀರಿದ್ದ.